ಮರಿಗಿಂತ ಮೊದಲು ಬಂದ ಮುಳ್ಳುಪಟ್ಟಿ

ಯಾರಾದರೂ ದೊಡ್ಡವರು ಬರುತ್ತಾರೆಂದರೆ ನನ್ನ ಕೈ ತಾನಾಗಿಯೇ ಸುಣ್ಣದ ಡಬ್ಬಿಯತ್ತ ಹೋಗುತ್ತದೆ. ಇದು ಸ್ವಭಾವದ ದೋಷವಲ್ಲ, ಉದ್ಯೋಗದ್ದು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಒಂದು ಕಾಫಿ ತೋಟದಲ್ಲಿ ನಾನು ಇಪ್ಪತ್ತು ವರ್ಷಗಳಿಂದ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವನು. ವರ್ಷಕ್ಕೊಮ್ಮೆ ತೋಟದ ತನಿಖೆಗೆ ಹೊರಗಿನಿಂದ ಒಬ್ಬ ದೊರೆ ಕುದುರೆಯೇರಿ ಬರುತ್ತಾರೆ. ಅವರು ಬರುವ ಮೊದಲು ಕುದುರೆ ನಡೆಯುವ ದಾರಿಯ ಎರಡೂ ಬದಿಗೆ, ದೊರೆಯ ಕಣ್ಣು ಹಾಯುವಷ್ಟು ದೂರ ಮಾತ್ರ ಕಳೆ ತೆಗೆಸಿ, ದಾರಿಯಂಚಿನ ಕಲ್ಲುಗಳಿಗೆ ಸುಣ್ಣ ಬಳಿಸುವುದು ನಮ್ಮ ಪದ್ಧತಿ. ಅದರಾಚೆಯ ಕಳೆಯಲ್ಲಿ ಆನೆ ಮಲಗಿದ್ದರೂ ಯಾರೂ ಕೇಳುವುದಿಲ್ಲ. ಈ ವಿದ್ಯೆಯಿಂದ ನಾನು ಇಪ್ಪತ್ತು ಸಲ ಬಚಾವಾಗಿದ್ದೆ. ಇಪ್ಪತ್ತೊಂದನೆಯ ಸಲ ಸಿಕ್ಕಿಬಿದ್ದದ್ದು ಒಂದು ನಾಯಿಮರಿಯ ದೆಸೆಯಿಂದ.

ನಮ್ಮ ಮನೆಯಲ್ಲಿ ಹಿಂದೆ ದಾಸು ಎಂಬ ಊರನಾಯಿ ಇತ್ತು. ಎರಡು ವರ್ಷದ ಹಿಂದೆ ಅದನ್ನು ಚಿರತೆ ಜಗಲಿಯ ಮೇಲಿಂದಲೇ ಎತ್ತಿಕೊಂಡು ಹೋಯಿತು. ಆಮೇಲೆ ನನ್ನ ಹೆಂಡತಿ ಜಲಜ ನಾಯಿಯ ಮಾತೇ ಎತ್ತಲಿಲ್ಲ. ನಾನಂತೂ ಹಾಜರಿ ಪುಸ್ತಕ ಮುಚ್ಚಿ ಮನೆಗೆ ಬರುವಾಗ ಬೇಲಿಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದೆ. ಅಲ್ಲಿಂದ ಓಡಿಬಂದು ಪಂಚೆ ಕೆಸರು ಮಾಡುವವರು ಯಾರೂ ಇಲ್ಲವಲ್ಲ ಎಂದು ನಿಜಕ್ಕೂ ದುಃಖವಾಗುತ್ತಿತ್ತು.

ಪಕ್ಕದ ತೋಟದ ಬಿಳಿ ದೊರೆಸಾನಿ ಉದ್ದ ಕಿವಿಯ ಜಾತಿನಾಯಿಗಳನ್ನು ಸಾಕಿ ಮರಿ ಮಾಡಿಸುತ್ತಿದ್ದರು. ಅವರಿಗೆ ಕನ್ನಡ ಬರುತ್ತಿತ್ತು, ಆದರೆ ಅದನ್ನು ಕಲಿತದ್ದು ಬಟ್ಲರನಿಂದ. ಆ ಪುಣ್ಯಾತ್ಮ ದೊರೆಸಾನಿಯ ಎದುರು ನಾಯಿಗಳನ್ನು ‘ಬನ್ನಿ, ಕೂತ್ಕೊಳ್ಳಿ’ ಎಂದು ಬಹಳ ಮರ್ಯಾದೆಯಿಂದ ಕರೆಯುತ್ತಿದ್ದ. ಆಳುಗಳನ್ನು ‘ಬಾರೋ, ಹೋಗೋ’ ಎನ್ನುತ್ತಿದ್ದ. ಹಾಗಾಗಿ ದೊರೆಸಾನಿ ನಾಯಿಗಳಿಗೆಲ್ಲ ಬಹುವಚನ, ಮನುಷ್ಯರಿಗೆಲ್ಲ ಏಕವಚನ ಎಂದು ತಿಳಿದಿದ್ದರು. ಒಮ್ಮೆ ಕೆಲಸದ ಮೇಲೆ ಅವರ ಬಂಗಲೆಗೆ ಹೋಗಿದ್ದಾಗ ಒಂದು ಕಂದು ಮರಿ ನನ್ನ ಕೊಡೆಯ ತುದಿಯನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ನನಗೂ ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ. ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ಮರಿ ಕೊಡ್ತೀನಿ. ಮೊದಲು ನಿನ್ನ ಮನೆ ನೋಡ್ತೀನಿ. ಶನಿವಾರ,” ಎಂದರು ದೊರೆಸಾನಿ. ಅವರು ನೋಡದ ಮನೆಗೆ ಮರಿ ಕೊಡುವುದಿಲ್ಲವಂತೆ. ಸಂಸೆಯ ಕಡೆಯ ಒಬ್ಬ ಸಾಹುಕಾರರ ಮನೆಯನ್ನೇ ನೋಡಿ ‘ಬೇಡ’ ಎಂದು ಬಂದಿದ್ದರಂತೆ. ನಮ್ಮಲ್ಲಿ ಹೆಣ್ಣು ಕೊಡುವವರೂ ಇಷ್ಟು ನೋಡುವುದಿಲ್ಲ.

ಮನೆಗೆ ಬಂದು ಹೇಳಿದರೆ ಜಲಜ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. “ಎಂತ ಬೇಕಾದ್ರೂ ಮಾಡ್ಕೊಳ್ಳಿ. ನಾನು ಅದರ ಮುಖ ನೋಡೂದಿಲ್ಲ,” ಎಂದಳು. ಮಡಿಯ ಹೆಂಗಸು, ಒಳಗೆ ನಾಯಿ ಬರುವುದು ಸರಿಹೋಗಲಿಲ್ಲ ಎಂದುಕೊಂಡೆ. ಹೆಂಡತಿಯ ಮನಸ್ಸನ್ನು ಓದುವುದರಲ್ಲಿ ನನಗೆ ಮೊದಲಿನಿಂದಲೂ ದೊಡ್ಡ ಹೆಮ್ಮೆ. ಕೂಡಲೇ ಜಗಲಿಯ ಮೂಲೆಯಲ್ಲಿ ಮರಿಗೊಂದು ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಗೋಣಿತಾಟು ಹಾಸಿ, ಮೇಲೆ ಹಸಿರು ಬಣ್ಣ ಹೊಡೆಸಿದೆ.

ಇನ್ನು ಚಿರತೆಯ ಭಯ. ಅದು ಹಿಡಿಯುವುದು ಕುತ್ತಿಗೆಯನ್ನೇ ಆದ್ದರಿಂದ ನಮ್ಮ ಕಡೆ ನಾಯಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುವ ರೂಢಿಯಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಯಂತ್ರವನ್ನು ರಿಪೇರಿ ಮಾಡುವ ಇಬ್ರಾಹಿಂ ಸಾಬರ ಹತ್ತಿರ ಹೋದೆ.

“ಮರಿ ಎಲ್ಲಿ ರೈಟ್ರೆ?” ಎಂದು ಕೇಳಿದರು.

“ಇನ್ನೂ ಬರಬೇಕು ಸಾಬ್ರೆ.”

“ಕುತ್ತಿಗೆ ಇಲ್ಲದೆ ಅಳತೆ ಹೇಗೆ ಮಾರಾಯ್ರೆ?”

“ಜಾತಿನಾಯಿ, ದೊಡ್ಡದಾಗಿ ಬೆಳೀತದೆ. ಇಷ್ಟಿರಬಹುದು,” ಎಂದು ನಾನು ಏನೋ ಗುಂಗಿನಲ್ಲಿ ನನ್ನ ಕುತ್ತಿಗೆಯ ಮೇಲೆಯೇ ಕೈಯಾಡಿಸಿದೆ. ಸಾಬರು ನಗದೆ ಒಂದು ದಾರ ತಂದು ನನ್ನ ಕೊರಳಿಗೆ ಸುತ್ತಿ, ಗಂಟು ಹಾಕಿ, ಗೂಟಕ್ಕೆ ನೇತುಹಾಕಿದರು. ಎರಡೇ ದಿನದಲ್ಲಿ ಪಟ್ಟಿ ಬಂತು. ಹೊರಗೆಲ್ಲ ಮುಳ್ಳು, ಒಳಗೆ ಮೆತ್ತನೆಯ ಚರ್ಮ. ಜಲಜ ಅದನ್ನೊಮ್ಮೆ ನೋಡಿ ಬಾಗಿಲ ಹಿಂದಿನ ಮೊಳೆಗೆ ಹಾಕಿದಳು.

ಶನಿವಾರ ಬಂತು. ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ್ದೆ. ಗೇಟಿನಿಂದ ಜಗಲಿಯವರೆಗೆ ಕಲ್ಲುಗಳಿಗೆ ಸುಣ್ಣ, ಮನೆಯ ಮುಂದಿನ ಗೋಡೆಗೆ ಮಾತ್ರ ಸುಣ್ಣ. ಮುರಿದ ಕುರ್ಚಿ, ತೂತುಬಿದ್ದ ಹಂಡೆ, ಹರಕು ಚಾಪೆ, ಹಳೆಯ ಗೋಣಿ, ಎಲ್ಲವನ್ನೂ ಹೊತ್ತು ಹಿತ್ತಿಲಲ್ಲಿ ಗುಡ್ಡೆ ಹಾಕಿದ್ದೆ. ಕರಿ ಕೋಟು ತೊಟ್ಟು, ರುಮಾಲು ಸುತ್ತಿ ಗೇಟಿನಲ್ಲಿ ನಿಂತೆ. ಕಾಫಿ ಹೂವಿನ ಕಾಲ. ಗುಡ್ಡವೆಲ್ಲ ಬೆಳ್ಳಗೆ ಘಮಘಮಿಸುತ್ತಿತ್ತು. ಇಂಥ ದಿನ ‘ಇಲ್ಲ’ ಎನ್ನಲು ಯಾರಿಗೂ ಬಾಯಿ ಬರಲಾರದು ಎಂದು ಸಮಾಧಾನಪಟ್ಟುಕೊಂಡೆ.

ಒಂದು ಗಂಟೆ ಕಳೆಯಿತು. ದಾರಿಯಲ್ಲಿ ಯಾರೂ ಇಲ್ಲ. ಹಿತ್ತಿಲಿನಿಂದ ಮಾತು ಕೇಳಿಸಿತು. ಓಡಿಹೋಗಿ ನೋಡಿದರೆ, ಹೂ ನೋಡುತ್ತ ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಬಂದ ದೊರೆಸಾನಿ ನನ್ನ ಗುಡ್ಡೆಯ ಪಕ್ಕದಲ್ಲಿ ತೂತು ಹಂಡೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದರು! ಎದುರಿಗೆ ಜಲಜ. ದೊರೆಸಾನಿಯ ಕೈಯಲ್ಲಿ ಬೆಳಗಿದ ಒಂದು ಹಿತ್ತಾಳೆ ಬಟ್ಟಲು.

“ಇದು ಯಾರ ಬಟ್ಟಲು?” ಎಂದು ದೊರೆಸಾನಿ ಕೇಳುತ್ತಿದ್ದರು.

“ನಮ್ಮ ದಾಸೂದು. ಅದಿಲ್ಲ ಈಗ. ಚಿರತೆ ಕೊಂಡುಹೋಯ್ತು.”

ಎರಡು ವರ್ಷದಿಂದ ಅವಳು ಆ ಬಟ್ಟಲನ್ನು ಬೆಳಗುತ್ತಲೇ ಇದ್ದಳು. ಒಂದೇ ಮನೆಯಲ್ಲಿದ್ದ ನನಗೆ ಅದು ಗೊತ್ತೇ ಇರಲಿಲ್ಲ. ನಾನು ಮುಂದೆ ಬಂದು, “ಮೇಡಂ, ಮುಂದುಗಡೆ ಬನ್ನಿ, ಜಗಲಿಯಲ್ಲಿ ಮರಿಗೆ ಪೆಟ್ಟಿಗೆ ಮಾಡಿಸಿದ್ದೇನೆ,” ಎಂದೆ.

ಬಿಳಿಯರೆದುರು ಎಂದೂ ಬಾಯಿ ಬಿಡದ ಜಲಜ ಥಟ್ಟನೆ ಎದ್ದು ನಿಂತಳು. “ಜಗಲಿ ಮೇಲೆ ಮಲಗ್ಸೋದಾದ್ರೆ ಮರಿ ಕೊಡಬೇಡಿ ಅಮ್ಮ. ದಾಸೂನೂ ಇವ್ರು ಜಗಲಿ ಮೇಲೇ ಮಲಗ್ಸಿದ್ರು. ಒಳಗೆ ಒಲೆ ಹತ್ರ ಮಲಗ್ಸೋದಾದ್ರೆ ಮಾತ್ರ ಕೊಡಿ. ನಾನು ನೋಡ್ಕೋತೇನೆ.” ಅವಳ ಕಣ್ಣು ತುಂಬಿತ್ತು. ಅವಳ ಮಡಿಯನ್ನು ಉಳಿಸಲು ನಾನು ಕಟ್ಟಿಸಿದ ಹಸಿರು ಪೆಟ್ಟಿಗೆಯನ್ನು ಅವಳು ಇಷ್ಟು ದಿನ ಯಾವ ಕಣ್ಣಿನಿಂದ ನೋಡಿರಬೇಕು!

ದೊರೆಸಾನಿ ನನ್ನ ರುಮಾಲನ್ನೂ ಕೋಟಿನ ಮೇಲಿನ ಸುಣ್ಣದ ಕಲೆಯನ್ನೂ ನಿಧಾನವಾಗಿ ನೋಡಿದರು. “ರೈಟರ್, ನಿನಗೆ ಮರಿ ಇಲ್ಲ,” ಎಂದರು. ಆಮೇಲೆ ಜಲಜಳ ಕಡೆ ತಿರುಗಿ, “ನೀವು ಬುಧವಾರ ಬನ್ನಿ. ಮರಿ ನಿಮಗೆ,” ಎಂದರು. ಮನುಷ್ಯರಲ್ಲಿ ಅವರಿಂದ ಬಹುವಚನ ಪಡೆದವಳು, ನಾನು ತಿಳಿದಂತೆ, ನನ್ನ ಹೆಂಡತಿಯೊಬ್ಬಳೇ. ಅವಮಾನವಾಗಬೇಕಿತ್ತು, ನಿಜ ಹೇಳುತ್ತೇನೆ, ಸಂತೋಷವೇ ಆಯಿತು. ಮರಿ ಯಾರ ಹೆಸರಿನಲ್ಲಿ ಬಂದರೇನು, ಬೇಲಿಯ ಹತ್ತಿರ ಓಡಿಬಂದರೆ ಸಾಕು.

ಮುಂದಿನ ತಯಾರಿಯನ್ನೆಲ್ಲ ಜಲಜ ತನ್ನ ಕೈಗೆ ತೆಗೆದುಕೊಂಡಳು. ಹಸಿರು ಪೆಟ್ಟಿಗೆ ಕೋಳಿಗೆ ಹೋಯಿತು. ಮಂಗಳವಾರ ಬೆಳಗ್ಗೆ ನೋಡುತ್ತೇನೆ, ಚಳಿಗೆಂದು ಹತ್ತು ವರ್ಷದಿಂದ ನಾನು ಹಾಸಿಗೆ ಹಾಸುತ್ತಿದ್ದ ಒಲೆಯ ಪಕ್ಕದ ಜಾಗದಲ್ಲಿ ಹಳೆಯ ಕಂಬಳಿ ಮಡಿಸಿಟ್ಟಿದೆ, ಪಕ್ಕದಲ್ಲಿ ಹಿತ್ತಾಳೆ ಬಟ್ಟಲು. ನನ್ನ ಹಾಸಿಗೆ ಜಗಲಿಯ ಮೇಲಿದೆ.

“ಇದೆಂತ ಮಾರಾಯ್ತಿ?” ಎಂದೆ.

“ಎಳೇ ಮರಿ ಅದು. ನಿಮ್ಮ ಗೊರಕೆಗೆ ಹೆದರ್ಕೊಳ್ತದೆ. ನಾಲ್ಕು ತಿಂಗಳು ಹೊರಗೆ ಮಲಗಿ.”

“ಚಿರತೆ ಬಂದ್ರೆ?”

ಜಲಜ ಬಾಗಿಲ ಹಿಂದಿನ ಮೊಳೆಯಿಂದ ಮುಳ್ಳುಪಟ್ಟಿಯನ್ನು ತೆಗೆದು ನನ್ನ ಕೈಗಿಟ್ಟು, ಬುಧವಾರಕ್ಕೆ ಹಾಲು ಹೇಳಿಬರಲು ಹೊರಟಳು. ಅವಳು ಬೇಲಿ ದಾಟುವವರೆಗೆ ಕಾದು ಒಮ್ಮೆ ಹಾಕಿಕೊಂಡು ನೋಡಿದೆ. ಇಬ್ರಾಹಿಂ ಸಾಬರ ಕೆಲಸದಲ್ಲಿ ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.