ನಮ್ಮ ಕಾಲೇಜಿಗೆ ಮಾನ್ಯತೆ ಬಂದ ಬಗೆ

ಸಿರುಗುಪ್ಪದಲ್ಲಿ ಸಣ್ಣದೊಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ವರ್ಷ ವರ್ಷ ಮಾನ್ಯತೆ ಕೊಡುವ ಕಚೇರಿಯಿಂದ ತಪಾಸಣೆಯವರು ಬಂದೇ ಬರುತ್ತಾರೆ, ಏನಾದರೊಂದು ನಡೆದೇ ನಡೆಯುತ್ತದೆ. ನಕ್ಕು ಮುಗಿದ ಮೇಲೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ಕಾಲೇಜಿನ ಮಾನ್ಯತೆ ನಿಂತರೆ ಪಾಸಾದ ಹುಡುಗಿಯರ ನೋಂದಣಿಯೂ ನಿಲ್ಲುತ್ತದೆ. ನೋಂದಣಿ ಇಲ್ಲದವರನ್ನು ಯಾವ ಆಸ್ಪತ್ರೆಯೂ ಸೇರಿಸಿಕೊಳ್ಳುವುದಿಲ್ಲ. ತಪ್ಪು ಕಟ್ಟಡದ್ದು, ಶಿಕ್ಷೆ ಓದಿದವರಿಗೆ!

ಗೋಡೆ

ಒಂದು ವರ್ಷ ಬಂದವರು, "ಲ್ಯಾಬು ಸಣ್ಣದಾಯಿತು" ಎಂದರು. ನಮ್ಮ ಪ್ರಿನ್ಸಿಪಾಲರು ಲ್ಯಾಬಿಗೂ ಲೈಬ್ರರಿಗೂ ನಡುವೆ ಇದ್ದ ಗೋಡೆ ಒಡೆಸಿದರು. ಮರುವರ್ಷ ಬೇರೆಯವರು ಬಂದರು. "ಲ್ಯಾಬು, ಲೈಬ್ರರಿ ಒಂದೇ ಕೋಣೆಯಲ್ಲೇ? ಯಾವ ನಿಯಮದಲ್ಲಿದೆ ಇದು?" ಎಂದು ಕೂಗಾಡಿದರು. ಒಡೆದ ಗೋಡೆಯನ್ನು ಮತ್ತೆ ಕಟ್ಟಿಸಬೇಕಾಯಿತು. ಎರಡು ಸಲವೂ ಬಂದದ್ದು ಅದೇ ಗೌಂಡಿ. ಕರಣೆ ಹಿಡಿದುಕೊಂಡು ನನ್ನನ್ನು ಪಕ್ಕಕ್ಕೆ ಕರೆದ.

"ಮೇಡಮ್ಮರ, ಈ ಸಲ ಸಿಮೆಂಟ್ ಬ್ಯಾಡ. ಬರೇ ಮಣ್ಣಾಗ ಕಟ್ತೀನಿ. ಮುಂದಿನ ವರ್ಷ ಬಿಚ್ಚಾಕ ಹಗುರ ಆಕ್ಕತಿ."

ಗದ್ದೆಯಲ್ಲಿ ಹಾಜರಿ

ಆಮೇಲೆ ಮೊಬೈಲಿನಲ್ಲಿ ಹಾಜರಿ ಬಂತು. ನಾವು ಕಾಲೇಜಿನ ಒಳಗೇ ನಿಂತು ಮುಖ ತೋರಿಸಬೇಕು. ನಾವಿರುವ ಜಾಗ ಅದಕ್ಕೇ ತಿಳಿಯುತ್ತದಂತೆ. ಮೊದಲ ದಿನ ಸ್ಟಾಫ್ ರೂಮಿನಲ್ಲಿ ಮುಖ ತೋರಿಸಿದೆ. "ನೀವು ಕಾಲೇಜಿನಲ್ಲಿಲ್ಲ" ಎಂದಿತು. ಪ್ರಿನ್ಸಿಪಾಲರು ತಮ್ಮ ಕುರ್ಚಿಯಲ್ಲೇ ಕೂತು ತೋರಿಸಿದರು. ಅವರೂ ಕಾಲೇಜಿನಲ್ಲಿಲ್ಲ! ಯಾರೋ ನಕ್ಷೆಯಲ್ಲಿ ನಮ್ಮ ಕಾಲೇಜನ್ನು ಹಿಂದಿನ ಭತ್ತದ ಗದ್ದೆಯಲ್ಲಿ ಗುರುತು ಮಾಡಿಬಿಟ್ಟಿದ್ದರು. ಸರಿ ಮಾಡಿಸಲು ತಪಾಸಣೆಯ ಕಚೇರಿಗೆ ಫೋನ್ ಮಾಡಿದರೆ, "ಹಾಜರಿ ಕಡಿಮೆಯಾದರೆ ಸಿಬ್ಬಂದಿ ಇಲ್ಲ ಅಂತಲೇ ಬರೆಯುತ್ತೇವೆ" ಎಂಬ ಬೆದರಿಕೆ ಬೇರೆ.

ಇನ್ನೇನು ಮಾಡುವುದು? ದಿನಾ ಬೆಳಿಗ್ಗೆ ಸೀರೆಯ ನೆರಿಗೆ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು, ಬದುವಿನ ಮೇಲೆ ಸಾಲಾಗಿ ನಿಂತು, ಮೊಬೈಲಿಗೆ ಮುಖ ಕೊಟ್ಟು ಬರುತ್ತಿದ್ದೆವು. ಒಂದು ದಿನ ಗದ್ದೆಯ ಯಜಮಾನ ಓಡೋಡಿ ಬಂದ. ಬೈಯುತ್ತಾನೆಂದು ಹೆದರಿದೆವು. ಅವನ ಮುಖ ಮಾತ್ರ ಅರಳಿತ್ತು.

"ದೇವ್ರು ಬಂದಂಗ ಬಂದೀರಿ ಮೇಡಮ್ಮರ! ನಾಟಿಗಿ ಆಳ ಸಿಗವಲ್ರು. ಕೂಲಿ ಎಷ್ಟು ತಗೋತೀರಿ?"

ಹೆಣ್ಣು ನೋಡುವ ಶಾಸ್ತ್ರ

ಕುರುಗೋಡಿನ ನಮ್ಮ ವಿದ್ಯಾರ್ಥಿನಿಯೊಬ್ಬಳು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಮನೆಯಲ್ಲಿ ಕೂತಿದ್ದಳು. ಆ ವರ್ಷ ನಮ್ಮ ಮಾನ್ಯತೆ ನಿಂತಿತ್ತು. ಬಳ್ಳಾರಿಯಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬಂದಾಗ ಅವಳ ತಂದೆ ನನ್ನನ್ನೂ ಕರೆಸಿದ್ದರು.

"ಹುಡುಗಿ ಏನ್ ಮಾಡ್ಯಾಳ್ರಿ?" ಎಂದು ಹುಡುಗನ ತಾಯಿ ಕೇಳಿದರು.

"ನರ್ಸಿಂಗ್ ಮುಗಿಸ್ಯಾಳ್ರಿ," ಎಂದರು ತಂದೆ.

"ಅಂದ್ರ ನರ್ಸ್ ಅದಾಳ."

"ಇಲ್ರಿ, ನರ್ಸ್ ಅಲ್ಲ. ಪಾಸಾಗ್ಯಾಳ. ಕಾಲೇಜಿಗೆ ಮಾನ್ಯತಿ ಬಂದಿಲ್ಲ. ಅದು ಬಂದ್ರ ನರ್ಸ್ ಆಗ್ತಾಳ."

ಹುಡುಗಿ ತಲೆ ತಗ್ಗಿಸಿದಳು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಹಗಲೆಲ್ಲ ವಾರ್ಡಿನಲ್ಲಿ ನಿಂತು ಕಲಿತ ಹುಡುಗಿ, ಈಗ ಯಾರೋ ಸಹಿ ಹಾಕಲಿಲ್ಲವೆಂದು ಏನೂ ಅಲ್ಲವಾಗಿ ಕೂತಿದ್ದಾಳೆ! ಇವರು ಎದ್ದು ಹೋಗುತ್ತಾರೆಂದೇ ಅಂದುಕೊಂಡೆ. ಆ ತಾಯಿ ಗಂಡನ ಮುಖ ನೋಡಿದರು, ಮಗನ ಮುಖ ನೋಡಿದರು, ತಟ್ಟೆಯಲ್ಲಿದ್ದ ಮಿರ್ಚಿಯೊಂದನ್ನು ನಿಶ್ಚಿಂತೆಯಿಂದ ಎತ್ತಿಕೊಂಡರು.

"ಜೋಡಿ ಸರಿ ಆತು ಬಿಡ್ರಿ. ನಮ್ಮವನೂ ಬಿ.ಎಡ್ ಪಾಸಾಗ್ಯಾನ. ಅವನ ಕಾಲೇಜಿಗೂ ಇನ್ನೂ ಬಂದಿಲ್ಲ."

ರೋಗಿಗಳ ಕೊರತೆ

ಕಳೆದ ಬೇಸಿಗೆಯಲ್ಲಿ ಬಂದ ತಂಡದ ಮುಖ್ಯಸ್ಥರು ಬಹಳ ಶಿಸ್ತಿನವರು. ತಿಂಡಿ ಬೇಡವೆಂದರು, ಚಹಾ ಬೇಡವೆಂದರು. ಟೇಪು ಹಿಡಿದು ಕೋಣೆ ಕೋಣೆ ಅಳೆದರು. ನಮ್ಮದೇ ಆಸ್ಪತ್ರೆಯ ವಾರ್ಡಿಗೆ ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಬಳ್ಳಾರಿ ಸೀಮೆಯ ಬಿಸಿಲು, ಕೇಳಬೇಕೇ? ಮಂಚಗಳ ನಡುವಿನ ಜಾಗ ಅಳೆಯುತ್ತಿದ್ದವರು ಹಾಗೇ ಬೆವರಿ, ಗಡಗಡ ನಡುಗುತ್ತ ಕುಸಿದರು.

ಕೊಳಗಲ್ಲಿನ ಹುಡುಗಿಯೊಬ್ಬಳು ಅಲ್ಲೇ ಇದ್ದಳು. ಪಾಸಾಗಿ, ನೋಂದಣಿಗೆ ಕಾದು ಕಾದು, ಅವತ್ತು ನನ್ನನ್ನು ವಿಚಾರಿಸಲು ಬಂದಿದ್ದಳು. ನಾವೆಲ್ಲ ಬಾಯಿ ತೆರೆದು ನಿಂತಾಗ ಅವಳು ಅವರನ್ನು ಮಂಚದ ಮೇಲೆ ಮಲಗಿಸಿದಳು.

"ಸರ್, ಸಕ್ರಿ ಬ್ಯಾನಿ ಗುಳಿಗಿ ತಗೊಂಡೀರೇನ್ರಿ?"

"ಬೆಳಿಗ್ಗೆ..." ಎಂದರು.

"ಏನೂ ತಿಂದಿಲ್ಲಲ್ರೀ?"

ತಲೆಯಾಡಿಸಿದರು. ಅವಳು ಬೆರಳು ಚುಚ್ಚಿ ಶುಗರ್ ನೋಡಿದಳು, ಗ್ಲೂಕೋಸ್ ಕುಡಿಸಿದಳು, ಡಾಕ್ಟರನ್ನು ಕರೆಸಿದಳು. ಸಂಜೆವರೆಗೆ ಪಕ್ಕದಲ್ಲೇ ಕೂತಳು. ಏಳುವಾಗ ಅವರು ಅವಳ ತಲೆ ಮುಟ್ಟಿ, "ಚೆನ್ನಾಗಿ ಕಲಿತಿದ್ದೀಯಮ್ಮ" ಎಂದರು. ಈ ಸಲ ಗೆದ್ದೆವು ಅಂದುಕೊಂಡೆವು.

ವರದಿ ಬಂತು. ಮಾನ್ಯತೆ ಇಲ್ಲ. ಕಾರಣ: "ವಿದ್ಯಾರ್ಥಿಗಳ ತರಬೇತಿಗೆ ಸಾಕಷ್ಟು ರೋಗಿಗಳಿಲ್ಲ."

ಪ್ರಿನ್ಸಿಪಾಲರು ತಲೆಯ ಮೇಲೆ ಕೈ ಹೊತ್ತು ಕೂತರು. ಸುದ್ದಿ ಕೇಳಿ ಬಂದ ಆ ಹುಡುಗಿ ಅಳಲಿಲ್ಲ, ಕೆರಳಿದಳು. "ಸರ್, ಅವ್ರು ತಮ್ಮನ್ನ ತಾವ ಲೆಕ್ಕಕ್ಕ ಹಿಡದಿಲ್ರಿ!"

ಎಂದೂ ನಗದ ಪ್ರಿನ್ಸಿಪಾಲರು ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೂಡಲೇ ಉತ್ತರ ಬರೆದರು. ಅದು ಹೋದ ಸ್ವಲ್ಪ ದಿನಕ್ಕೇ ಮಾನ್ಯತೆ ಬಂತು. ಆ ಹುಡುಗಿ ಈಗ ಬಳ್ಳಾರಿಯ ಗಾಂಧಿನಗರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಉತ್ತರದಲ್ಲಿ ಇದ್ದದ್ದು ಇಷ್ಟೇ:

"ತಪಾಸಣೆಯ ದಿನ ನಮ್ಮ ವಾರ್ಡಿನಲ್ಲಿ ತಮ್ಮ ತಂಡದ ಮುಖ್ಯಸ್ಥರೂ ಇದ್ದರು. ದಯವಿಟ್ಟು ಅವರನ್ನೂ ರೋಗಿಗಳಲ್ಲಿ ಎಣಿಸಿಕೊಳ್ಳಬೇಕು. ಕೇಸ್ ಶೀಟ್ ಲಗತ್ತಿಸಿದೆ."