ಅಲಿಪ್ತ ನೀತಿಯ ಶಾಮಿಯಾನ

ಬೆಂಗಳೂರಿನಲ್ಲಿ ನೆಂಟರೇ ಇಲ್ಲದವನು ಪುಣ್ಯವಂತ. ಒಬ್ಬರಿದ್ದರೂ ಹೇಗೋ ನಿಭಾಯಿಸಬಹುದು. ಇಬ್ಬರಿದ್ದು, ಅವರಲ್ಲೊಬ್ಬಳು ನಿಮ್ಮ ಒಡಹುಟ್ಟಿದ ಅಕ್ಕ, ಇನ್ನೊಬ್ಬ ನಿಮ್ಮ ಹೆಂಡತಿಯ ಮುದ್ದಿನ ತಮ್ಮನಾಗಿದ್ದರೆ ಆ ಊರಿನ ಹೆಸರೆತ್ತದೆ ಅರಸೀಕೆರೆ ಕಡೆಯ ರೈಲು ಹತ್ತುವುದೇ ಕ್ಷೇಮ. ನನ್ನ ಹಣೆಬರಹಕ್ಕೆ ಇಬ್ಬರೂ ಇದ್ದಾರೆ. ಅಕ್ಕ ಚಂದ್ರಕಲಾ ಕಾಮಾಕ್ಷಿಪಾಳ್ಯದಲ್ಲಿ, ಭಾಮೈದ ಮಾಯಣ್ಣ ಕೆಂಗೇರಿಯಲ್ಲಿ. ನಾನು ತುರುವೇಕೆರೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡು, ಮಾಯಸಂದ್ರದ ಹತ್ತಿರ ಒಂದಿಷ್ಟು ತೆಂಗಿನ ಮರಗಳಿಗೆ ನೀರು ಹಾಯಿಸಿಕೊಂಡು, ಇವರಿಬ್ಬರ ಮಧ್ಯೆ ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗೆ ಬಾಳುತ್ತಿದ್ದೇನೆ.

ಒಂದು ಸಲ ಬೆಂಗಳೂರಿಗೆ ಹೋದಾಗ ಮಾಯಣ್ಣನ ಮನೆಯಲ್ಲಿ ಇಳಿದುಕೊಂಡು, ಹೊರಡುವಾಗ ಅಕ್ಕನ ಮನೆಗೆ ತಲೆ ಹಾಕಿದೆವು. ಅಕ್ಕ ಕಾಫಿ ಕೊಟ್ಟಳು, ಸಕ್ಕರೆ ಹಾಕಲಿಲ್ಲ. "ದೊಡ್ಡೋರ ಮನೇಲಿ ಇಳ್ಕೊಂಡೋರು ನೀವು, ಸಿಹಿಯೆಲ್ಲ ಅಲ್ಲೇ ಆಗಿರುತ್ತೆ" ಎಂದಳು. ಮುಂದಿನ ಸಲ ಬುದ್ಧಿ ಕಲಿತು ಅಕ್ಕನ ಮನೆಯಲ್ಲೇ ಇಳಿದೆವು. ಊರಿಗೆ ಬಂದ ಮೇಲೆ ಒಂದು ತಿಂಗಳು ನನ್ನ ಸಾರಿಗೆ ಉಪ್ಪು ಬೀಳಲಿಲ್ಲ. (ಉಪ್ಪು ಕೇಳಿದ್ದರೆ ಸಾರೂ ನಿಲ್ಲುತ್ತಿತ್ತು.) ಅಕ್ಕನಿಗೂ ಮಾಯಣ್ಣನಿಗೂ ಮಾತುಕತೆ ನಿಂತು ವರ್ಷಗಳೇ ಆಗಿದ್ದವು. ಅವನ ಗೃಹಪ್ರವೇಶಕ್ಕೆ ನಾನು ಒಯ್ದ ತೆಂಗಿನಕಾಯಿ ಮೂಟೆ ಅವಳ ಮನೆಗೆ ಕೊಟ್ಟಿದ್ದ ಮೂಟೆಗಿಂತ ದಪ್ಪಗಿತ್ತಂತೆ.

ಇಂಥ ಸೂಕ್ಷ್ಮ ಅಂತರರಾಷ್ಟ್ರೀಯ ಪರಿಸ್ಥಿತಿಯಲ್ಲಿ, ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆ ರಜೆಗೆ ನನ್ನ ಮಕ್ಕಳು ಸುದೀಪ್ ಮತ್ತು ಸ್ಪಂದನ ಥೀಮ್ ಪಾರ್ಕ್ ನೋಡಲೇಬೇಕೆಂದು ಹಟ ಹಿಡಿದರು. ಮೈಸೂರು ರಸ್ತೆಯಲ್ಲಿ ಹೊಸದಾಗಿ ಆಗಿತ್ತು. ನೀರಿನಲ್ಲಿ ಜಾರುವುದು, ಜಾರಿ ಬೀಳುವುದು, ಬಿದ್ದದ್ದಕ್ಕೆ ದುಡ್ಡು ಕೊಡುವುದು. ನಮ್ಮೂರಿನ ಕೆರೆ ಏರಿಯಿಂದ ಜಾರಿ ಬಿದ್ದರೆ ಬೆನ್ನಿಗೆ ಬೀಳುತ್ತದೆ, ಅಲ್ಲಿ ಟಿಕೆಟ್ಟು ಕೊಡುತ್ತಾರೆ. ಎಲ್ಲ ನೋಡಬೇಕಾದರೆ ಎರಡು ದಿನ ಬೇಕಂತೆ. ಹಾಗಾದರೆ ಮೊಕ್ಕಾಂ ಎಲ್ಲಿ?

"ನಮ್ ಮಾಯಣ್ಣನ ಮನೆಯಿಂದ ಪಾರ್ಕು ಹತ್ರ ಕಣ್ರೀ. ಅದಕ್ಕೆ ಹೇಳ್ತಿದೀನಿ, ಬೇರೇನಿಲ್ಲ" ಎಂದಳು ನನ್ನ ಹೆಂಡತಿ ಅನುಪಮಾ.

"ಹತ್ರ ಅಂತ ಅಕ್ಕನಿಗೆ ಯಾರು ಹೇಳೋರು?"

"ನಿಮ್ಮಕ್ಕನಿಗೆ ಯಾಕ್ ಹೇಳ್ಬೇಕು? ಅವರೇನು ಡೀಸಿನಾ?"

"ಹಂಗಾದ್ರೆ ಇಬ್ಬರ ಮನೆಯೂ ಬೇಡ. ಲಾಡ್ಜು."

ಜಗಲಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ನಮ್ಮವ್ವ ಸಿದ್ದಮ್ಮ ಅಲ್ಲಿಂದಲೇ ಗುಡುಗಿದಳು. "ಯಾರ್ಯಾರೋ ಮಲ್ಗೆದ್ದ ಹಾಸ್ಗೇಲಿ ನಾನ್ ಮಲಗಾಕಿಲ್ಲ ಕಣ್ಲಾ. ನನ್ನ ಬುಟ್ಟು ನೀವು ಹೋಗಿ." (ಅವ್ವನಿಗೆ ಕಿವಿ ಮಂದ. ತನ್ನ ವಿರುದ್ಧದ ಮಾತು ಬಿಟ್ಟು ಬೇರೆ ಯಾವುದೂ ಕೇಳಿಸುವುದಿಲ್ಲ. ಅವಳನ್ನು ಬಿಟ್ಟು ಹೋದರೆ ನಾವು ವಾಪಸು ಬರುವಷ್ಟರಲ್ಲಿ ಕಂದಿಕೆರೆಯವರೆಗೂ ಸುದ್ದಿ ಹೋಗಿರುತ್ತದೆ.)

ಆಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ನೆಹರೂ ಕಾಲದಲ್ಲಿ ಭಾರತ ಅನುಸರಿಸಿದ್ದ ಅಲಿಪ್ತ ನೀತಿ! ಆ ಬಣವೂ ಬೇಡ, ಈ ಬಣವೂ ಬೇಡ. ಪಾರ್ಕಿನ ಪಕ್ಕದ ಬಯಲಲ್ಲಿ ನಮ್ಮದೇ ಡೇರೆ ಹಾಕಿಕೊಂಡು ಇದ್ದುಬಿಡುವುದು. ಇಬ್ಬರಿಗೂ ಬಂದದ್ದು ಗೊತ್ತಾಗಕೂಡದು, ಹೋದದ್ದು ಗೊತ್ತಾಗಕೂಡದು. ಅಕ್ಕನೂ ಉಳಿಯುತ್ತಾಳೆ, ಉಪ್ಪೂ ಉಳಿಯುತ್ತದೆ.

"ಬಯಲಲ್ಲಿ ಮಲಗೋಕೆ ನಾವೇನು ಬಾತುಕೋಳಿ ಮೇಯಿಸೋರಾ?" ಎಂದಳು ಅನುಪಮಾ. ಆದರೆ ಅಕ್ಕನ ಮನೆ ತಪ್ಪಿತಲ್ಲ ಎಂಬ ಒಂದೇ ಸಂತೋಷಕ್ಕೆ ಒಪ್ಪಿದಳು.

ಡೇರೆ ಕೇಳಲು ಶಾಮಿಯಾನ ಅಂಗಡಿಯ ಕೆಂಚಪ್ಪನ ಹತ್ತಿರ ಹೋದೆ. ಅವನು ತಲೆ ಕೆರೆದುಕೊಂಡ. "ಮದ್ವೆ ಸೀಜನ್ನು ಸಾರ್. ಕೆಂಪು, ಹಳದಿ, ಬಣ್ಣದ್ದೆಲ್ಲ ಬುಕ್ಕಾಗವೆ. ಒಂದ್ ಬಿಳೀದು ಉಳ್ಕೊಂಡದೆ."

"ಅದ್ಯಾಕೆ ಬುಕ್ಕಾಗಿಲ್ಲ?"

"ಅದ್ನ ಯಾರೂ ಮುಂಚಿತವಾಗಿ ಬುಕ್ ಮಾಡಾಕಿಲ್ಲ ಸಾರ್" ಎಂದು ಅವನು ಬೇರೆ ಕಡೆ ನೋಡಿದ.

ಬಿಳಿ ಬಣ್ಣ ಬಿಸಿಲಿನ ಝಳವನ್ನು ಹಿಂದಕ್ಕೆ ತಳ್ಳುತ್ತದೆ ಎಂದು ನಾನು ಎಸ್ಸೆಸ್ಸೆಲ್ಸಿಯಲ್ಲಿ ಓದಿದ್ದೆ. ನನ್ನ ವಿಜ್ಞಾನದ ಮುಂದೆ ಕೆಂಚಪ್ಪನ ಮೌನ ಎಷ್ಟರದು? ಬಿಳಿಯದನ್ನೇ ಟೆಂಪೋಗೆ ಹಾಕಿಸಿದೆ. ಜೊತೆಗೆ ಕುರ್ಚಿ, ಜಮಖಾನ, ಪಾತ್ರೆ, ಅವ್ವನಿಗೊಂದು ಮಡಿಚುವ ಮಂಚ, ಒಲೆಗೆಂದು ನಮ್ಮ ತೋಟದ ಕಾಯಿಮಟ್ಟೆ ಚಿಪ್ಪುಗಳ ಎರಡು ಮೂಟೆ. ಸಂಜೆ ಹೊತ್ತಿಗೆ ಪಾರ್ಕಿನ ಕಾಂಪೌಂಡಿಗೆ ಅಂಟಿದ ಒಂದು ಬೀಳು ಹೊಲದಲ್ಲಿ, ಹೊಲದವರ ಅಪ್ಪಣೆ ಪಡೆದು, ಹೆದ್ದಾರಿಗೆ ಎದುರಾಗಿ ನಮ್ಮ ಬೀಡು ಎದ್ದು ನಿಂತಿತು. ಕೆಂಚಪ್ಪನ ಟೆಂಪೋ ಎರಡು ದಿನ ಬಿಟ್ಟು ಬರುತ್ತೇನೆಂದು ಹೊರಟುಹೋಯಿತು.

ಬೆಳಗ್ಗೆ ಎದ್ದವನಿಗೆ ಸಾಮ್ರಾಟನಾದಂತಹ ಹೆಮ್ಮೆ. ಸೊಳ್ಳೆ ಓಡಲಿ, ಕಾಫಿಯೂ ಕಾಯಲಿ ಎಂದು ಶಾಮಿಯಾನದ ಮುಂದೆಯೇ ಮಟ್ಟೆ ಸೇರಿಸಿ ಬೆಂಕಿ ಹಚ್ಚಿದೆ. ಅನುಪಮಾ ತಲೆಗೆ ನೀರು ಹಾಕಿಕೊಂಡು ಕೂದಲು ಹರಡಿಕೊಂಡು ನಿಂತಿದ್ದಳು. ನಾನು ಬರಿಮೈಯಲ್ಲಿ ಒದ್ದೆ ಟವೆಲು ಸುತ್ತಿಕೊಂಡು ಬೆಂಕಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದೆ. ಒಳಗೆ ಮಂಚದ ಮೇಲೆ ಅವ್ವ, ಟೆಂಪೋ ಪ್ರಯಾಣಕ್ಕೆ ಮೈಕೈ ನೋವೆಂದು, ನನ್ನ ಬಿಳಿ ಪಂಚೆಯನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಅಲುಗಾಡದೆ ಮಲಗಿದ್ದಳು.

ಬಿಳಿ ಶಾಮಿಯಾನ, ಮುಂದೆ ಬೆಂಕಿ, ಒಳಗೆ ಬಿಳಿ ಬಟ್ಟೆ ಹೊದಿಸಿದ ಮುದುಕಿ. ಓದುಗರಿಗೆ ಆಗಲೇ ಅರ್ಥವಾಗಿರಬೇಕು. ಸಾವಿನ ಮನೆಯ ಮುಂದೆ ಬೆಂಕಿ ಹಾಕುತ್ತಾರೆಂಬುದು ನಮ್ಮ ಕಡೆ ಎಳೆಗೂಸಿಗೂ ಗೊತ್ತು. ನನಗೆ ಮಾತ್ರ ಅರ್ಥವಾಗಲಿಲ್ಲ, ಏಕೆಂದರೆ ಒಳಗಿದ್ದವನಿಗೆ ತನ್ನ ಶಾಮಿಯಾನ ಹೊರಗಿನಿಂದ ಹೇಗೆ ಕಾಣುತ್ತದೆಂದು ಗೊತ್ತಾಗುವುದಿಲ್ಲ. ಆ ರಸ್ತೆಯಲ್ಲೇ ಮಾಯಣ್ಣನ ಫ್ಯಾಕ್ಟರಿ ಬಸ್ಸು ದಿನಾ ಓಡಾಡುತ್ತದೆಂಬುದೂ ನನ್ನ ವಿದೇಶಾಂಗ ನೀತಿಯ ಲೆಕ್ಕಕ್ಕೆ ಬಂದಿರಲಿಲ್ಲ.

ನಮ್ಮನ್ನು ಕಿಟಕಿಯಿಂದ ಕಂಡ ಮಾಯಣ್ಣ ಮುಂದಿನ ಸ್ಟಾಪಿನಲ್ಲಿ ಇಳಿದ. ಇಳಿದವನು ನಮ್ಮ ಹತ್ತಿರ ಬರಲಿಲ್ಲ. ಬರಿಗೈಯಲ್ಲಿ ಬರುವುದು ಹೇಗೆ? ಅದೂ ಅಲ್ಲದೆ, ಸತ್ತವಳ ಹೆತ್ತ ಮಗಳಿಗೆ ತಿಳಿಸದೆ ತಾನೊಬ್ಬನೇ ಮೊದಲು ಹೋದರೆ ನಾಳೆ ಅದೇ ಮಾತಾಗುತ್ತದೆ. ನೆಂಟಸ್ತಿಕೆಯ ಸಂವಿಧಾನವನ್ನು ಅರೆದು ಕುಡಿದವನು ಅವನು. ಎಸ್ಟಿಡಿ ಬೂತಿಗೆ ಹೋಗಿ, ಫ್ಯಾಕ್ಟರಿಗೆ ರಜಾ ಹೇಳಿ, ವರ್ಷಗಳಿಂದ ಮಾತು ಬಿಟ್ಟಿದ್ದ ನಮ್ಮಕ್ಕನಿಗೆ ಫೋನು ಮಾಡಿ ಅತ್ತನಂತೆ. ಅವಳೂ ಅತ್ತಳಂತೆ. ಭಾವ ಸದಾಶಿವಯ್ಯ ದಿನಸಿ ಅಂಗಡಿಯ ಬಾಗಿಲೆಳೆದು ವ್ಯಾನು ಹೊರಡಿಸಿದರಂತೆ.

ನಾವು ಉಪ್ಪಿಟ್ಟು ತಿಂದು ಪಾರ್ಕಿಗೆ ಹೊರಡುವ ಸಡಗರದಲ್ಲಿದ್ದಾಗ ವ್ಯಾನು ಬಂದು ನಿಂತಿತು. ಮೊದಲು ಒಂದು ಭಾರಿ ಹೂವಿನ ಹಾರ ಇಳಿಯಿತು, ಹಿಂದೆ ಮಾಯಣ್ಣ, ಅವನ ಹಿಂದೆ ಅಕ್ಕ, ಭಾವ. ಕದ್ದು ಬಂದದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಗಿಹೋಯಿತಲ್ಲ! ನಾಚಿಕೆಯಿಂದ ತಲೆ ತಗ್ಗಿಸಿ ನಿಂತೆ.

ಮಾಯಣ್ಣ ಬಂದವನೇ ನನ್ನನ್ನು ತಬ್ಬಿಕೊಂಡ. "ಭಾವಾ, ಒಂದ್ ಮಾತು ಹೇಳಿ ಕಳಿಸಬಾರ್ದಾಗಿತ್ತಾ?"

"ತಪ್ಪಾಯ್ತು ಮಾಯಣ್ಣ" ಎಂದೆ.

"ನಿಮ್ಮ ತಪ್ಪೇನಿದೆ ಭಾವ? ಯಾರ ಕೈಲಿದೆ ಇದು?"

ಎಷ್ಟು ದೊಡ್ಡ ಮನಸ್ಸು ಇವನದು ಎಂದು ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಕ್ಕ ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿ ಮಂಚದ ಮೇಲೆ ಬಿದ್ದಳು. "ಅಯ್ಯೋ ನನ್ನವ್ವಾ! ಒಂದ್ ಸಾರಿನಾದ್ರೂ ನಮ್ಮನೆಗೆ ಬಂದು ನಾಕ್ ತಿಂಗಳು ಇರು ಅಂತ ಕರೀಬೇಕು ಅಂದ್ಕೊಂಡಿದ್ನಲ್ಲವ್ವಾ! ಇನ್ ಯಾರ್ನವ್ವಾ ಕರ್ಕೊಂಡ್ ಹೋಗ್ಲಿ!"

ಪಂಚೆಯ ಒಳಗಿಂದ ಸ್ಪಷ್ಟವಾದ ದನಿ ಬಂತು. "ಈಗ ಕರ್ದಂಗಾಯ್ತಲ್ಲ, ಬತ್ತೀನಿ ಬುಡು."

ಅಕ್ಕ ಹಾರಿ ಭಾವನ ಮೇಲೆ ಬಿದ್ದಳು. ಭಾವ ಕುರ್ಚಿಗಳ ಮೇಲೆ ಬಿದ್ದರು. ಅವ್ವ ಎದ್ದು ಕುಳಿತು, ಮಾಯಣ್ಣನ ಕೈಯಲ್ಲಿದ್ದ ಹಾರ ನೋಡಿ, "ನಂಗಾ? ಅಳಿಯಂದ್ರು ಅಂದ್ರೆ ಹಿಂಗಿರ್ಬೇಕು" ಎಂದು ಕೊರಳೊಡ್ಡಿದಳು. ಅವನು ಹಾಕಲೂ ಆಗದೆ ಬಿಡಲೂ ಆಗದೆ ಹಾಕಿಯೇಬಿಟ್ಟ.

ಅಳು ನಿಂತ ಮೇಲೆ ಇರುವುದೇ ವಿಚಾರಣೆ. ಅವ್ವ ಸತ್ತಿಲ್ಲವೆಂಬ ಸಂತೋಷ ಕಾಫಿ ಆರುವಷ್ಟು ಹೊತ್ತೂ ಉಳಿಯಲಿಲ್ಲ.

"ಬೀಳು ಹೊಲದಲ್ಲಿ ಮಲಗ್ತೀಯ, ಒಡಹುಟ್ಟಿದೋಳ ಮನೇಲಿ ಮಲಗಲ್ಲ!" ಎಂದಳು ಅಕ್ಕ.

"ನಮ್ಮನೇಗಿಂತ ಹೆಣದ ಶಾಮಿಯಾನ ಮೇಲಾಯ್ತೇನ್ ಭಾವ?" ಎಂದ ಮಾಯಣ್ಣ.

"ನಿಮ್ಮಿಬ್ಬರಿಗೂ ಬೇಜಾರಾಗಬಾರ್ದು ಅಂತ..."

"ಇಬ್ಬರಿಗೂ ಆಯ್ತಲ್ಲ!" ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು.

ನಾನು ಆಸೆಯಿಂದ ಅನುಪಮಾಳ ಕಡೆ ನೋಡಿದೆ. ಅವಳು ಕಣ್ಣಿಗೆ ಸೆರಗು ಒತ್ತಿಕೊಂಡು, "ನಾನು ಬಾಯ್ಬಾಯಿ ಬಡ್ಕೊಂಡೆ ಕಣ್ರೀ ಅತ್ತಿಗೆ, ಇಬ್ಬರ ಮನೆಗೂ ಒಂದೊಂದ್ ರಾತ್ರಿ ಹೋಗಣ ಅಂತ. ನನ್ ಮಾತು ಎಲ್ಲಿ ಕೇಳ್ತಾರೆ ಇವ್ರು?" ಎಂದಳು. ಅಕ್ಕ ಅವಳ ಕೈ ಹಿಡಿದುಕೊಂಡು, "ನಮ್ಮವನು ಚಿಕ್ಕಂದಿನಿಂದ್ಲೂ ಹಿಂಗೇ ಕಣೇ, ನಿಂಗ್ ಕಟ್ಟಿದ್ದಕ್ಕೆ ಬೇಜಾರು ಮಾಡ್ಕೊಬೇಡ" ಎಂದಳು. ನಮ್ಮ ಮದುವೆಯಿಂದಲೂ ನಡೆದಿದ್ದ ಹದಿನಾರು ವರ್ಷದ ಶೀತಲ ಸಮರ ಹೀಗೆ ಅಂತ್ಯಗೊಂಡಿತು. ಎರಡು ದೇಶಗಳು ಒಂದಾಗಬೇಕಾದರೆ ಇಬ್ಬರಿಗೂ ಸಾಮಾನ್ಯವಾದ ಒಬ್ಬ ಶತ್ರು ಸಾಕು.

ಮುಂದಿನದು ಚಕಚಕನೆ ತೀರ್ಮಾನವಾಯಿತು. ಮಾಯಣ್ಣ ಹೇಗೂ ರಜಾ ಹಾಕಿದ್ದ, ಭಾವ ಹೇಗೂ ಅಂಗಡಿ ಮುಚ್ಚಿದ್ದರು. ಎಲ್ಲರೂ ನನ್ನ ಖರ್ಚಿನಲ್ಲಿ ಪಾರ್ಕಿಗೆ. ರಾತ್ರಿಗೆ ಅನುಪಮಾ, ಮಕ್ಕಳು ಕೆಂಗೇರಿಗೆ, ಅವ್ವ ಅಕ್ಕನ ಮನೆಗೆ.

"ನಾನು?" ಎಂದೆ.

"ಕೆಂಚಪ್ಪನ ಸಾಮಾನು ಯಾರ್ ಕಾಯ್ತಾರೆ?" ಎಂದಳು ಅನುಪಮಾ. ನನ್ನ ಜೇಬಿನಿಂದ ದುಡ್ಡು ತೆಗೆದುಕೊಂಡು, ಉಳಿದ ಉಪ್ಪಿಟ್ಟಿನ ಮೇಲೆ ತಟ್ಟೆ ಮುಚ್ಚಿಟ್ಟು ಹೊರಟಳು. ಹಾರ ಹಾಕಿಕೊಂಡ ಅವ್ವ ಮೊಮ್ಮಕ್ಕಳ ಕೈ ಹಿಡಿದು ಎಲ್ಲರಿಗಿಂತ ಮುಂದೆ ನಡೆದಳು. ಯಾರೂ ತಿರುಗಿ ನೋಡಲಿಲ್ಲ.

ಖಾಲಿ ಕುರ್ಚಿಗಳ ಮಧ್ಯೆ ತಲೆಯ ಮೇಲೆ ಕೈ ಹೊತ್ತು ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹಿರಿಯರು ರಸ್ತೆಯಿಂದ ಇಳಿದು ಬಂದರು. ದೂರದ ಊರಿನವರಂತೆ, ಮಗಳ ಮನೆಗೆ ಹೋಗುತ್ತಿದ್ದರಂತೆ. ಚಪ್ಪಲಿ ಹೊರಗೆ ಬಿಟ್ಟು, ಆರುತ್ತಿದ್ದ ಬೆಂಕಿಗೆ ಒಂದು ಮಟ್ಟೆ ಸರಿಸಿ, ನನ್ನ ಪಕ್ಕದಲ್ಲಿ ಕುಳಿತರು. ಅಂಥವರಿಗೆ ನಿಜ ಹೇಳುವುದು ಹೇಗೆ? ಅಷ್ಟರಲ್ಲಿ ಕಾಂಪೌಂಡಿನ ಆಚೆ ಎತ್ತರದ ಜಾರುಬಂಡೆಯಿಂದ ಅನುಪಮಾಳೂ ಅಕ್ಕನೂ ಒಟ್ಟಿಗೆ ಜಾರಿ ಬೀಳುತ್ತ ಕಿಟಾರನೆ ಕಿರುಚಿಕೊಂಡದ್ದು ಕೇಳಿಸಿತು.

ಹಿರಿಯರು ಆ ಕಡೆಗೊಮ್ಮೆ ಕಿವಿಗೊಟ್ಟು ನಿಟ್ಟುಸಿರು ಬಿಟ್ಟರು. ನನ್ನ ಬೆನ್ನ ಮೇಲೆ ಕೈಯಿಟ್ಟು, "ಹೆಣ್ಮಕ್ಳು ಬಾಯ್ ಬುಟ್ಟು ಅತ್ತು ಹಗುರಾಯ್ತವೆ ಕಣಪ್ಪ. ಗಂಡ್ಸಾಗಿ ನೀನೂ ಒಳ್ಗೇ ಇಟ್ಕಂಬೇಡ" ಎಂದರು.

ಅವರ ಹೆಗಲ ಮೇಲೆ ತಲೆಯಿಟ್ಟು ಮನಸಾರೆ ಅತ್ತುಬಿಟ್ಟೆ.