ಕಡ ತಂದ ಫೋಟೋ

ಮರಾಠಿ ಸೀಮೆಯ ಉದಗೀರದಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಇಟ್ಟ ಮೇಲೆ ನಗುವ ವಿಷಯಕ್ಕೆ ಕೊರತೆಯಾಗಿಲ್ಲ, ನಗು ಮಾತ್ರ ಬತ್ತಿಹೋಗಿದೆ. ಇಲ್ಲಿ ಯಾರೂ ಫೋಟೋ ತಂದು ತಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ. ಇನ್ನೊಬ್ಬರ ಸೈಟಿನಲ್ಲಿ ಅದು ಇರುವ ವಿಳಾಸವನ್ನಷ್ಟೇ ತಮ್ಮ ಪುಟದಲ್ಲಿ ಬರೆಸುತ್ತಾರೆ. ಪುಟ ತೆರೆದಾಗಲೆಲ್ಲ ಫೋಟೋ ಅವರ ಮನೆಯಿಂದಲೇ ಬರಬೇಕು. ಅವರು ತೆಗೆದರೆ ಇಲ್ಲಿ ಖಾಲಿ, ಬದಲಿಸಿದರೆ ಇಲ್ಲಿಯೂ ಬದಲು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನನ್ನ ಮದುವೆ ಮುರಿದದ್ದೂ ಈ ಚಾಳಿಯಿಂದಲೇ.

ಬ್ಯಾಳಿ

ಮಾರ್ಕೆಟ್ಟಿನ ಸಾವಕಾರರೊಬ್ಬರು ತೊಗರಿ ಬೇಳೆಯ ಫೋಟೋವನ್ನು ಪಕ್ಕದ ಅಂಗಡಿಯವನ ಸೈಟಿನಿಂದ ಹೀಗೇ ಹಾಕಿಸಿದರು. ಬೇಡವೆಂದೆ. "ತಮ್ಮಾ, ಬ್ಯಾಳಿ ಬ್ಯಾಳಿನೇ ಅಲ್ಲೇನು?" ಎಂದರು. ಪಕ್ಕದವನಿಗೆ ಗೊತ್ತಾಗಿ, ಅದೇ ವಿಳಾಸದಲ್ಲಿ ಹುಳು ಹಿಡಿದ ಬೇಳೆಯ ಫೋಟೋ ಇಟ್ಟ. ಸಾವಕಾರರು ಓಡಿ ಬಂದು ಮೊಬೈಲ್ ಚಾಚಿದರು.

"ನೋಡು, ನಿನ್ನ ಕಂಪ್ಯೂಟರದಾಗ ಇಟ್ಟಿದ್ದಕ್ಕ ನನ್ನ ಬ್ಯಾಳಿಗಿ ಹುಳಾ ಬಿದ್ದಾವ."

ಸೀರಿ

ಉಮರ್ಗಾದ ಬಟ್ಟೆ ಅಂಗಡಿಯ ಅಕ್ಕನದೂ ಅದೇ ಹಟ; ಸೀರೆಯ ಫೋಟೋಗೆ ಇನ್ನೊಬ್ಬರ ಸೈಟಿನ ವಿಳಾಸ ಬರೆಸಿದರು. ಆ ಕಡೆಯ ಸೈಟಿನವರು ಒಂದು ದಿನ ಸೀರೆ ತೆಗೆದು, ಅದೇ ವಿಳಾಸಕ್ಕೆ ಬನಿಯನ್ ಜಾಹೀರಾತು ಹಾಕಿದರು. ಇವರ ಪುಟದಲ್ಲಿ "ಹೊಸ ಇಳಕಲ್ ಸೀರೆ" ಎಂಬ ಸಾಲಿನ ಕೆಳಗೆ ಬನಿಯನ್ ತೊಟ್ಟ ಮೀಸೆಯ ಗಂಡಸು. ಅಕ್ಕ ಫೋನ್ ಮಾಡಿದರು.

"ಅಣ್ಣಾ, ಸೀರಿ ಹಾಳಾಗಿ ಹೋಗ್ಲಿ. ಮುಂಜಾನಿಂದ ಹೆಣ್ಮಕ್ಕಳು ಆ ಮೀಸಿ ಅಂವಂದೇ ರೇಟ್ ಕೇಳ್ಲಿಕತ್ತಾರ."

ನನ್ನ ಮುಖ

ದಾಳಿಂಬ ಊರಿನ ಒಕ್ಕಲಿನ ಮನೆಯ ಹುಡುಗಿಯೊಂದಿಗೆ ನನ್ನ ಮದುವೆ ಹೆಚ್ಚುಕಡಿಮೆ ಗೊತ್ತಾಗಿತ್ತು. ನಮ್ಮ ಸಮಾಜದ ವಧು-ವರರ ಪುಟ ಮಾಡಿದವನು ನಾನೇ. ಊರಿಗೆಲ್ಲ ಬುದ್ಧಿ ಹೇಳಿ, ಅಲ್ಲಿಯ ನನ್ನ ಫೋಟೋವನ್ನು ಮಾತ್ರ ನನ್ನ ಅಂಗಡಿಯ ಸೈಟಿನಿಂದ ವಿಳಾಸ ಕೊಟ್ಟು ತೋರಿಸಿದ್ದೆ. ಆಮೇಲೆ ಮರೆತೆ.

ಅಷ್ಟರಲ್ಲಿ ನಿಲಂಗಾದಲ್ಲಿ ನನ್ನದೇ ಧಂದೆ ಮಾಡುವವನೊಬ್ಬ ಅದೇ ಫೋಟೋಗೆ ಲಿಂಕ್ ಹಾಕಿ, ಕೆಳಗೆ "ನಮ್ಮ ನುರಿತ ಕೆಲಸಗಾರ" ಎಂದು ಬರೆದ. ಮೈಯೆಲ್ಲ ಉರಿಯಿತು. ಆ ವಿಳಾಸದಿಂದ ನನ್ನ ಮುಖ ತೆಗೆದು, ದಪ್ಪ ಮರಾಠಿ ಅಕ್ಷರದಲ್ಲಿ "ಹಾ ಚೋರ್ ಆಹೆ", ಅಂದರೆ ಇವನು ಕಳ್ಳ, ಎಂದು ಬರೆದ ಚಿತ್ರ ಇಟ್ಟೆ. ಅವನ ಪುಟದಲ್ಲಿ ಅದು ಕಂಡ ಮೇಲೆ ಸಮಾಧಾನದಿಂದ ಚಹಾ ಕುಡಿದೆ.

ಮರುದಿನ ಹುಡುಗಿಯ ಅಪ್ಪ ಫೋನ್ ಮಾಡಿದರು.

"ವಧು-ವರರ ಪುಟದಾಗ ನಿಮ್ಮ ಹೆಸರಿನ ಮ್ಯಾಲ ಚೋರ ಅಂತ ಬರದದ. ಯಾರ ಬರದಾರ?"

"ನಾನೇರೀ. ಆದ್ರ ಅದು ನಂಗಲ್ಲ, ನಿಲಂಗಾದಂವಗ." ಲಿಂಕಿನ ಕಥೆಯನ್ನೆಲ್ಲ ಹೇಳಿದೆ.

"ತನಗ ತಾನೇ ಚೋರ ಅಂತ ಬರಕೊಂಡಂವಗ ಮಗಳನ್ನ ಹ್ಯಾಂಗ ಕೊಡ್ಲಿ?"

ನನ್ನ ಮಾತು ನಿಜವೋ ಎಂದು ವಿಚಾರಿಸಲು ಅವರು ನಿಲಂಗಾದವನಿಗೇ ಫೋನ್ ಮಾಡಿದರಂತೆ. ಮಾತಿಗೆ ಮಾತು ಕೂಡಿ, ಹುಡುಗಿಯನ್ನು ಅವನಿಗೇ ಕೊಟ್ಟರು. ಮದುವೆಯ ಆಮಂತ್ರಣದ ಪುಟದ ಲಿಂಕ್ ನನ್ನ ಮೊಬೈಲಿಗೂ ಬಂತು. ತೆರೆದು ನೋಡಿದರೆ ಮೇಲಿನ ಮಹಾದೇವನ ಚಿತ್ರವೂ ನನ್ನ ಸೈಟಿನಿಂದಲೇ ಬರುತ್ತಿತ್ತು. ಅದನ್ನೂ ಬದಲಿಸಲು ಕಂಪ್ಯೂಟರ್ ತೆರೆದೆ. ಆದರೂ ದೇವರನ್ನು ಎಬ್ಬಿಸಿ ಆ ಜಾಗದಲ್ಲಿ ಬೈಗುಳ ಕೂರಿಸಲು ಕೈ ಏಳಲಿಲ್ಲ.

ಆಗಲೇ ನಿಲಂಗಾದವನ ಫೋನ್ ಬಂತು.

"ಅಣ್ಣಾ, ಮದುವಿ ಮುಗಿಯೂತನಕ ಮಹಾದೇವನ್ನ ಹಂಗೇ ಇಡ್ರಿ. ಹುಡುಗಿ ಸುದ್ಧಾ ನಿಮ್ಮ ಲಿಂಕಿನಿಂದನೇ ಸಿಕ್ಕಾಳ."